ಮನೆಯ ಕೈಮಾ ಕಡುಬೂ ಹೆಣ್ಣುಮಕ್ಕಳ ಪಾಲೂ

ಶಾಲೆಯ ಸ್ಮರಣ ಸಂಚಿಕೆಯಲ್ಲಿ ಪರೀಕ್ಷೆಗಳ ಫಲಿತಾಂಶ, ಕಟ್ಟಡಗಳ ವೃದ್ಧಿ, ದಾನಿಗಳ ಔದಾರ್ಯ, ಅಗಲಿದ ಉಪಾಧ್ಯಾಯಿನಿಯರ ಗುಣಸ್ಮರಣೆ ಮುಂತಾದವುಗಳಿಗೆ ಸ್ಥಳ ದೊರೆಯುವುದು ವಾಡಿಕೆಯಾಗಿರುತ್ತದೆ. ಅಂಥ ಸಂಚಿಕೆಯಲ್ಲಿ ಮುಖ್ಯೋಪಾಧ್ಯಾಯಿನಿಯಾದ ನಾವು ಅಡಿಗೆಮನೆಯ ಮಾತನ್ನೆತ್ತಿ, ಅದರಲ್ಲಿಯೂ ಮಾಂಸದ ಕಡುಬಿನ ವಿಷಯವಾಗಿ ಬರೆಯಹೊರಟಿರುವುದು ಕೆಲವು ವಾಚಕರಿಗೆ ವಿಚಿತ್ರವಾಗಿ ತೋರಬಹುದು. ಆದರೆ ಬೆಳಗಿನ ಪ್ರಾರ್ಥನೆಗೆ ಸಾಲಾಗಿ ನಿಂತ ಹೆಣ್ಣುಮಕ್ಕಳಲ್ಲಿ ಒಬ್ಬಿಬ್ಬರು ಕಣ್ಣು ಕತ್ತಲಿಟ್ಟು ಕುಳಿತುಬಿಡುವುದನ್ನೂ, ಹತ್ತನೆಯ ತರಗತಿಯ ಜಾಣೆಯರು ಮಧ್ಯಾಹ್ನದ ಪಾಠದ ಹೊತ್ತಿಗೆ ತಲೆಯನ್ನು ಮೇಜಿಗೆ ಒರಗಿಸುವುದನ್ನೂ ವರ್ಷವರ್ಷವೂ ಕಾಣುತ್ತಿರುವ ನಮಗೆ, ಪಾಠಶಾಲೆಯ ಏಳಿಗೆಗೂ ಅಡಿಗೆಮನೆಯ ನಡವಳಿಕೆಗೂ ನಡುವೆ ಬಹಳ ದೂರವಿಲ್ಲವೆಂಬುದು ದಿನೇ ದಿನೇ ಸ್ಪಷ್ಟವಾಗುತ್ತಿದೆ. ಆದಕಾರಣ ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ ತಾಯಿತಂದೆಗಳಿಗೂ ಈ ಸಂದರ್ಭದಲ್ಲಿ ಒಂದು ಮಾತನ್ನು ಬಿಚ್ಚಿ ಹೇಳಬೇಕೆಂದು ಇಚ್ಛಿಸುತ್ತೇವೆ. ಆ ಮಾತು ಇದು: ಮಾಂಸಾಹಾರಿಗಳ ಮನೆಯಲ್ಲಿ ಕೈಮಾ ಕಡುಬನ್ನು ಮಾಡುವ ಪದ್ಧತಿಯನ್ನು ಬೆಳೆಸಬೇಕು, ಅದು ರುಚಿಯಾದ ತಿಂಡಿಯೆಂಬುದಕ್ಕಿಂತ ಹೆಚ್ಚಾಗಿ, ಮನೆಯ ಮಗಳಿಗೆ ಅವಳ ಪಾಲು ಎಣಿಕೆಯಿಂದ ಸಲ್ಲುವಂತೆ ಮಾಡುವ ತಿಂಡಿಯಾಗಿರುವುದರಿಂದ.

ನಮ್ಮ ಸೀಮೆಯನ್ನು ಬಲ್ಲವರಿಗೆ ಇಲ್ಲಿ ಮಾಂಸದೂಟವೆಂದರೆ ಏನೆಂಬುದನ್ನು ವಿವರಿಸಬೇಕಾದದ್ದಿಲ್ಲ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಎಂಬ ನಾಲ್ಕು ತಾಲ್ಲೂಕುಗಳು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆಯೆನಿಸಿರುವುದು ವಿದ್ಯಾ ಇಲಾಖೆಯ ಅನುಕೂಲಕ್ಕಾಗಿಯಾದರೂ, ಊಟದ ವಿಷಯದಲ್ಲಿಯೂ ಇವು ಒಂದೇ ಸೀಮೆಯೆಂದು ಹೇಳಬಹುದು. ಮಳೆ ಕಡಿಮೆ, ಬಂಡೆಯ ಬೆಟ್ಟಗಳೂ ಕುರುಚಲು ಕಾಡುಗಳೂ ಹೆಚ್ಚು, ರಾಗಿ, ಕಡಲೆಕಾಯಿ, ಹುರುಳಿ, ಅವರೆ ಹೊಲದ ಬೆಳೆಗಳು, ಕುರಿ ಮೇಕೆಗಳು ಬಡವನ ಉಳಿತಾಯದ ಗಂಟು. ಬೆಳೆ ಹೋದ ವರ್ಷದಲ್ಲಿ ಕುರಿಯೇ ಮಗಳ ಶಾಲೆಯ ಶುಲ್ಕವನ್ನು ಕಟ್ಟಿದ ದೃಷ್ಟಾಂತಗಳು ನಮ್ಮ ಊರುಗಳಲ್ಲಿ ಬೇಕಾದಷ್ಟಿವೆ. ಜಾತ್ರೆಗೆ, ಹಬ್ಬದ ಮಾರನೆಯ ದಿನಕ್ಕೆ, ನೆಂಟರು ಬಂದ ಭಾನುವಾರಕ್ಕೆ ಬಾಡಿನ ಸಾರು, ಮುದ್ದೆ. ಕೈಗೂಡಿದ ಮನೆಗಳಲ್ಲಿ ಕೈಮಾ ಉಂಡೆಯ ಸಾರು. ಇವುಗಳ ರುಚಿಗೆ ಸಮನಾದದ್ದಿಲ್ಲವೆಂದು ಹೇಳುವವರೊಡನೆ ನಾವು ವಾದಿಸುವುದಿಲ್ಲ.

ಕೈಮಾ ಕಡುಬೆಂದು ನಾವು ಹೇಳುವುದು, ನುಣ್ಣಗೆ ಕೊಚ್ಚಿದ ಮಾಂಸವನ್ನು ಮಸಾಲೆಯೊಡನೆ ಒಣಗುವಂತೆ ಬೇಯಿಸಿ, ಹಿಟ್ಟಿನ ಹಾಳೆಯೊಳಗಿಟ್ಟು ಅಂಚು ಮಡಿಸಿ, ಹಬೆಯಲ್ಲಿಯಾಗಲಿ ಎಣ್ಣೆಯಲ್ಲಿಯಾಗಲಿ ಬೇಯಿಸಿದ ತಿಂಡಿಯನ್ನು. ಕ್ರಿಸ್‌ಮಸ್ಸಿಗೆ ಕರ್ಜಿಕಾಯಿ, ಕಲ್‌ಕಲ್‌ಗಳನ್ನು ಮಾಡುವ ಕೈಗಳಿಗೆ ಇದು ಕಷ್ಟವಾದದ್ದಲ್ಲ. ಕರ್ಜಿಕಾಯಿಯ ಅಚ್ಚಿನಲ್ಲಿಯೇ ಇದನ್ನೂ ಒತ್ತಬಹುದು. ಕೊಬ್ಬರಿ ಸಕ್ಕರೆಯ ಬದಲು ಕೈಮಾ, ಅಷ್ಟೇ ಭೇದ.

ಹಿಟ್ಟಿನೊಳಗೆ ಮಾಂಸವನ್ನಿಟ್ಟು ಬೇಯಿಸುವ ವಿದ್ಯೆ ಯಾವುದೊಂದು ಜನಾಂಗದ ಸ್ವತ್ತೂ ಅಲ್ಲ. 14ನೆಯ ಶತಮಾನದಲ್ಲಿ ದೆಹಲಿಯ ಸುಲ್ತಾನ ಮಹಮ್ಮದ್ ಬಿನ್ ತುಘಲಕನ ಆಸ್ಥಾನಕ್ಕೆ ಬಂದ ಪ್ರವಾಸಿ ಇಬ್ನ್ ಬತೂತನು, ಕೊಚ್ಚಿದ ಮಾಂಸ, ಬಾದಾಮಿ, ಪಿಸ್ತಾ, ಈರುಳ್ಳಿ, ಮಸಾಲೆಗಳನ್ನು ತೆಳುವಾದ ಹಿಟ್ಟಿನ ಹಾಳೆಯಲ್ಲಿ ಸುತ್ತಿ ತುಪ್ಪದಲ್ಲಿ ಕರಿದ ಸಂಬೂಸಕದ ವಿಚಾರವನ್ನು ಬರೆದಿಟ್ಟಿದ್ದಾನೆ. ನಮ್ಮ ಶಿರಾ ಪಟ್ಟಣವು 1687ರಲ್ಲಿ ಮೊಗಲರ ವಶವಾಗಿ ಒಂದು ಸುಬೆಯ ಮುಖ್ಯಸ್ಥಳವೆನಿಸಿತ್ತು. ಅಲ್ಲಿಯ ಮುಸಲ್ಮಾನ ಸೋದರಿಯರು ರಂಜಾನ್ ತಿಂಗಳ ಸಂಜೆ ಉಪವಾಸ ಬಿಡುವ ಹೊತ್ತಿಗೆ ಖೀಮಾ ಸಮೋಸಗಳನ್ನು ಮಡಿಸುವ ಚಾತುರ್ಯವನ್ನು ಕಂಡವರು, ನಾವು ಹೇಳುವ ಕಡುಬಿಗೆ ಈ ಸೀಮೆಯಲ್ಲಿಯೇ ಹಿರಿಯಕ್ಕನಿರುವಳೆಂದು ಒಪ್ಪುವರು.

ನಮಗೆ ಮೂಡಲಲ್ಲಿ ಕೋಲಾರದ ಚಿನ್ನದ ಗಣಿಯಿದೆ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿಯವರು ಅಲ್ಲಿಯ ಗಣಿಗಾರಿಕೆಯನ್ನು ವಹಿಸಿಕೊಂಡ ಮೇಲೆ, ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತದಿಂದ ನುರಿತ ಗಣಿಕೆಲಸದವರು ಅಲ್ಲಿಗೆ ಬಂದರು. ಅವರ ನಾಡಿನ ಪ್ರಸಿದ್ಧವಾದ ಬುತ್ತಿಗೆ ಪಾಸ್ಟಿಯೆಂದು ಹೆಸರು. ಅರ್ಧಚಂದ್ರಾಕಾರದ ಹಿಟ್ಟಿನ ಹಾಳೆಯಲ್ಲಿ ಮಾಂಸ, ಆಲೂಗಡ್ಡೆ, ಈರುಳ್ಳಿ, ಒಂದು ಬಗೆಯ ಗೆಡ್ಡೆ, ಇವುಗಳನ್ನಿಟ್ಟು ಅಂಚು ಹೆಣೆದು ಒಲೆಗೂಡಿನಲ್ಲಿ ಸುಟ್ಟದ್ದು. 2011ರಲ್ಲಿ ಯೂರೋಪಿನ ಒಕ್ಕೂಟವು ಈ ತಿಂಡಿಯ ಹೆಸರಿಗೆ ಕಾನೂನಿನ ರಕ್ಷಣೆಯನ್ನು ಕೊಟ್ಟಿತು. ಅದರ ನಿಯಮಗಳಲ್ಲಿ ಒಂದು ಗಮನಾರ್ಹವಾದದ್ದು: ಇಡೀ ಪಾಸ್ಟಿಯ ತೂಕದಲ್ಲಿ ಮಾಂಸವು ಶೇಕಡಾ 12.5ಕ್ಕೆ, ತರಕಾರಿಯು ಶೇಕಡಾ 25ಕ್ಕೆ ಕಡಿಮೆಯಾಗಕೂಡದು. ಎಂದರೆ ಎಂಟರಲ್ಲಿ ಒಂದು ಭಾಗ ಮಾಂಸವಿದ್ದರೆ ಸಾಕು, ಅದು ಹೆಸರಿಗೆ ತಕ್ಕ ಮಾಂಸದ ಕಡುಬೇ ಆಗಿರುತ್ತದೆ. ಸ್ವಲ್ಪ ಮಾಂಸವನ್ನು ಬಹಳ ಬಾಯಿಗಳಿಗೆ ಎಟುಕಿಸುವುದೇ ಈ ವಿದ್ಯೆಯ ಮೂಲೋದ್ದೇಶವೆಂಬುದಕ್ಕೆ ಇದಕ್ಕಿಂತ ಸಾಕ್ಷ್ಯ ಬೇಡ. ಕೋಲಾರದ ಗಣಿಗಳು 2001ರಲ್ಲಿ ಮುಚ್ಚಿಹೋದುವು. ಆದರೆ ಅಲ್ಲಿ ಹುಟ್ಟಿ ಬೆಳೆದ ಬ್ರಿಜೆಟ್ ವೈಟ್ ಕುಮಾರ್ ಎಂಬ ಮಹಿಳೆಯು ಆಂಗ್ಲೋ ಇಂಡಿಯನ್ ಮನೆಗಳ ಅಡಿಗೆಯನ್ನು ಕುರಿತು ಅನೇಕ ಪುಸ್ತಕಗಳನ್ನು ಬರೆದು, ಕೈಯಿಂದ ಕೈಗೆ ಬರುತ್ತಿದ್ದ ಪಾಕಕ್ರಮಗಳನ್ನು ಅಕ್ಷರಕ್ಕೆ ಇಳಿಸಿದ್ದಾರೆ. ನಮ್ಮ ಸೀಮೆಯ ಸೋದರಿಯರು ಇದನ್ನು ಮೇಲ್ಪಂಕ್ತಿಯಾಗಿ ಇಟ್ಟುಕೊಳ್ಳಬೇಕು. ಕನ್ನಡದಲ್ಲಿ ಮೂರನೆಯ ಮಂಗರಸನ ಸೂಪಶಾಸ್ತ್ರದಂಥ ಹಳೆಯ ಪಾಕಗ್ರಂಥವಿದೆ. ಆದರೆ ಜೈನಕವಿಯಾದ ಅವನು ಶಾಕಾಹಾರವನ್ನು ಮಾತ್ರ ಹೇಳಿರುವನು. ಬಾಡಿನಡಿಗೆಯ ತಿಳಿವಳಿಕೆಯು ಬಹುಮಟ್ಟಿಗೆ ಅಜ್ಜಿಯರ ಬಾಯಲ್ಲಿಯೇ ಉಳಿದಿದೆ. ಅಜ್ಜಿಯರೊಡನೆ ಅಳಿಯುತ್ತಲೂ ಇದೆ.

ಇನ್ನು ಮುಖ್ಯವಾದ ವಿಷಯಕ್ಕೆ ಬರೋಣ. 2019ರಿಂದ 2021ರವರೆಗೆ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ನಮ್ಮ ದೇಶದಲ್ಲಿ 15ರಿಂದ 19 ವರ್ಷದ ಹೆಣ್ಣುಮಕ್ಕಳಲ್ಲಿ ಶೇಕಡಾ 59.1ರಷ್ಟು ಮಂದಿಗೆ ರಕ್ತಹೀನತೆಯಿದೆ. ಅದೇ ವಯಸ್ಸಿನ ಗಂಡುಮಕ್ಕಳಲ್ಲಿ ಈ ಸಂಖ್ಯೆ ಶೇಕಡಾ 31.1. ಕರ್ಣಾಟಕದಲ್ಲಿ 15ರಿಂದ 49 ವರ್ಷದ ಸ್ತ್ರೀಯರನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಶೇಕಡಾ 47.8, ಎಂದರೆ ಹೆಚ್ಚುಕಡಮೆ ಇಬ್ಬರಲ್ಲಿ ಒಬ್ಬಳು. ಇದು ದೂರದ ಊರಿನ ಸುದ್ದಿಯಲ್ಲ. ನಮ್ಮ ತರಗತಿಗಳ ಬೆಂಚುಗಳ ಮೇಲೆಯೇ ಕುಳಿತಿರುವ ಸುದ್ದಿ.

ಇದರ ಕಾರಣಗಳು ಹಲವು. ತಿಂಗಳ ಮುಟ್ಟಿನಲ್ಲಿ ಹೋಗುವ ರಕ್ತ, ಹೊಟ್ಟೆಯ ಹುಳುಗಳು, ಎಳೆಯ ವಯಸ್ಸಿನ ವಿವಾಹ ಮತ್ತು ಬಸಿರು, ಊಟದ ಬೆನ್ನಿಗೇ ಕುಡಿಯುವ ಟೀ ಕಾಫಿ, ಇವೆಲ್ಲವೂ ಸೇರಿವೆ. ಆದರೆ ಆಹಾರದ ಕೊರತೆಯನ್ನು ಯಾರೂ ಅಲ್ಲಗಳೆಯಲಾರರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯು 2020ರಲ್ಲಿ ಗೊತ್ತುಮಾಡಿರುವ ಪ್ರಮಾಣದಂತೆ, 13ರಿಂದ 15 ವರ್ಷದ ಬಾಲಿಕೆಗೆ ದಿನವೊಂದಕ್ಕೆ 30 ಮಿಲಿಗ್ರಾಂ ಕಬ್ಬಿಣಾಂಶವು ಬೇಕು. 16ರಿಂದ 18 ವರ್ಷದವಳಿಗೆ 32 ಮಿಲಿಗ್ರಾಂ. ಬೆಳೆದ ಗಂಡಸಿಗೆ ಬೇಕಾದದ್ದು 19 ಮಿಲಿಗ್ರಾಂ ಮಾತ್ರ. ಈ ಎರಡು ಸಂಖ್ಯೆಗಳನ್ನು ತಾಯಿತಂದೆಗಳು ದಯವಿಟ್ಟು ಇನ್ನೊಂದು ಸಾರಿ ಓದಬೇಕು. ಮನೆಯಲ್ಲಿ ಎಲ್ಲರಿಗಿಂತ ಸಣ್ಣ ತಟ್ಟೆಯನ್ನಿಟ್ಟುಕೊಂಡು ಮೂಲೆಯಲ್ಲಿ ಕುಳಿತ ಹುಡುಗಿಗೆ, ಹೊಲದಲ್ಲಿ ದುಡಿದು ಬಂದ ತಂದೆಗಿಂತಲೂ ಒಂದೂವರೆ ಪಾಲು ಹೆಚ್ಚು ಕಬ್ಬಿಣಾಂಶವು ಬೇಕಾಗಿದೆ. ಮಾಂಸದಲ್ಲಿರುವ ಕಬ್ಬಿಣಾಂಶವನ್ನು ಶರೀರವು ಸೊಪ್ಪು ಧಾನ್ಯಗಳಲ್ಲಿರುವುದಕ್ಕಿಂತ ಸುಲಭವಾಗಿ ಹೀರಿಕೊಳ್ಳುತ್ತದೆ. ಅಲ್ಲದೆ ಮಾಂಸವು ಜೊತೆಗಿದ್ದರೆ ಧಾನ್ಯದ ಕಬ್ಬಿಣಾಂಶವೂ ಹೆಚ್ಚಾಗಿ ಮೈಗೆ ಹತ್ತುತ್ತದೆ. ಅದು ಯಾರ ತಟ್ಟೆಗೆ ಹೆಚ್ಚಾಗಿ ಬೀಳುತ್ತಿದೆಯೆಂಬುದೇ ನಮ್ಮ ಪ್ರಶ್ನೆ.

ಈ ಪ್ರಶ್ನೆಗೆ ಉತ್ತರವನ್ನು ಹುಡುಕಲು ನಮ್ಮ ಊರುಗಳ ಒಂದು ಸುಂದರವಾದ ಪದ್ಧತಿಯನ್ನು ನೆನಪಿಗೆ ತಂದುಕೊಳ್ಳೋಣ. ಯುಗಾದಿಯ ಮಾರನೆಯ ದಿನ, ವರ್ಷತೊಡಕಿನಂದು, ಹತ್ತಾರು ಮನೆಯವರು ಹಣ ಕೂಡಿಸಿ ಕುರಿಯನ್ನು ಕೊಯ್ದು ಮಾಂಸವನ್ನು ಗುಡ್ಡೆ ಹಾಕುವುದನ್ನು ನೀವೆಲ್ಲರೂ ಬಲ್ಲಿರಿ. ಎಷ್ಟು ಮನೆಯೋ ಅಷ್ಟು ಗುಡ್ಡೆ. ತೊಡೆಯ ಮಾಂಸದಲ್ಲಿ ಒಂದು ತುಂಡು ಈ ಗುಡ್ಡೆಗೆ ಬಿದ್ದರೆ ಇನ್ನೊಂದು ಆ ಗುಡ್ಡೆಗೆ ಬೀಳಲೇಬೇಕು. ಎಲುಬು, ಬೋಟಿ, ಲಿವರು, ಕೊಬ್ಬು, ಎಲ್ಲವೂ ಎಲ್ಲ ಗುಡ್ಡೆಗಳಿಗೂ. ಹಾಕುವವನ ಕೈ ಒಂದಿಷ್ಟು ವಾಲಿದರೆ ಸುತ್ತ ನಿಂತ ಹತ್ತು ಜನ ಕೂಗುವರು. ಊರಿನ ಗೌಡನಿಗೂ ಅಷ್ಟೇ, ಹಂಚಿನ ಮನೆಯವನಿಗೂ ಅಷ್ಟೇ. ನ್ಯಾಯವೆಂದರೆ ಏನೆಂಬುದನ್ನು ಮಕ್ಕಳಿಗೆ ಕಲಿಸಬೇಕಾದರೆ ಪೌರನೀತಿಯ ಪುಸ್ತಕಕ್ಕಿಂತ ಗುಡ್ಡೆಮಾಂಸದ ಮುಂದೆ ಅವರನ್ನು ನಿಲ್ಲಿಸುವುದು ಲೇಸೆಂದು ನಾವು ಎಷ್ಟೋ ವೇಳೆ ಹೇಳಿದ್ದುಂಟು.

ಆದರೆ ಆ ನ್ಯಾಯವು ಹೊಸಲನ್ನು ದಾಟಿ ಒಳಗೆ ಬರುವುದಿಲ್ಲ. ಊರಿನ ನಡುವೆ ಕಣ್ಣಿಗೆ ಕಣ್ಣಿಟ್ಟು ಸಮವಾಗಿ ಹಂಚಿಕೊಂಡು ತಂದ ಗುಡ್ಡೆಯು ಗಡಿಗೆಯಲ್ಲಿ ಬೆಂದು ಸಾರಾದ ಮೇಲೆ, ಅದರ ಹಂಚಿಕೆಯು ಸೌಟಿನ ಇಷ್ಟಕ್ಕೆ ಬಿಟ್ಟದ್ದು. ಮೊದಲು ಗಂಡಸರ ಪಂಕ್ತಿ. ನೆಂಟರಿಗೆ ಒಳ್ಳೆಯ ತುಂಡು. ಮಗ ಬೆಳೆಯುವ ಹುಡುಗನೆಂದು ಅವನಿಗೆ ಎರಡು ಹೆಚ್ಚು. ಆಮೇಲೆ ಹೆಂಗಸರು ಕೂರುವ ಹೊತ್ತಿಗೆ ಗಡಿಗೆಯ ತಳದಲ್ಲಿ ಎಲುಬೂ ತಿಳಿಯೂ. ಮಗಳು ಅಮ್ಮನ ಜೊತೆಗೆ ಬಡಿಸುತ್ತಾ ನಿಂತವಳು, ಅಮ್ಮನ ಜೊತೆಗೇ ಕುಳಿತು ಮುದ್ದೆಯನ್ನು ಸಾರಿನ ತಿಳಿಯಲ್ಲಿ ಅದ್ದಿ ಉಣ್ಣುವಳು. ಎಲ್ಲ ಮನೆಗಳಲ್ಲಿಯೂ ಹೀಗೆಯೇ ಎಂದು ನಾವು ಹೇಳುವುದಿಲ್ಲ. ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ತುತ್ತು ಕೊಡುವ ತಂದೆಯರನ್ನು ನಾವೂ ಕಂಡಿದ್ದೇವೆ. ಆದರೆ ಅನೇಕ ಮನೆಗಳಲ್ಲಿ ಹೀಗೆ ಎಂಬುದನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರು ತಮ್ಮ ಸ್ವಂತ ಅನುಭವದಿಂದಲೇ ಒಪ್ಪುವರು. ಇದರಲ್ಲಿ ಯಾರ ದುರ್ಬುದ್ಧಿಯೂ ಇಲ್ಲವೆಂಬುದೇ ವ್ಯಸನಕರವಾದದ್ದು. ತಾಯಿಯು ಮಗಳನ್ನು ದ್ವೇಷಿಸಿ ಹೀಗೆ ಮಾಡುವುದಿಲ್ಲ. ಎಣಿಕೆಯಿಲ್ಲದ ಊಟದಲ್ಲಿ ಕಡೆಗೆ ಕುಳಿತವರಿಗೆ ಕಡಿಮೆ ಬೀಳುವುದು ಸೌಟಿನ ಸ್ವಭಾವ.

ಎಣಿಸಿ ಕೊಡುವ ಆಹಾರದಲ್ಲಿ ಈ ತೊಂದರೆಯಿಲ್ಲ. ನಮ್ಮ ರಾಜ್ಯದ ಸರ್ಕಾರೀ ಮತ್ತು ಅನುದಾನಿತ ಶಾಲೆಗಳ ಮಕ್ಕಳಿಗೆ ವಾರಕ್ಕೆ ಆರು ದಿವಸ ಮೊಟ್ಟೆ, ಅದನ್ನು ತಿನ್ನದವರಿಗೆ ಬಾಳೆಹಣ್ಣು ಮುಂತಾದವನ್ನು ಕೊಡುವ ಏರ್ಪಾಡು 2024ರಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ನೆರವಿನಿಂದ ಆಯಿತಷ್ಟೆ. ಮೊಟ್ಟೆಯ ಪುಷ್ಟಿಯನ್ನು ವೈದ್ಯರು ಹೊಗಳುವರು. ನಾವು ಅದರ ಆಕಾರವನ್ನು ಹೊಗಳುತ್ತೇವೆ. ತಲೆಗೊಂದು. ಹುಡುಗನಿಗೆ ಒಂದು, ಹುಡುಗಿಗೆ ಮುಕ್ಕಾಲು ಎಂದು ಯಾರೂ ಹಂಚಲಾರರು. ಕೊಟ್ಟದ್ದೂ ಕೊಡದಿದ್ದದ್ದೂ ಎಲ್ಲರ ಕಣ್ಣಿಗೂ ಕಾಣುವುದು. ಕೈಮಾ ಕಡುಬು ಮಾಂಸಕ್ಕೆ ಇದೇ ಗುಣವನ್ನು ಕೊಡುತ್ತದೆ. ಅರ್ಧ ಕಿಲೊ ಮಾಂಸವನ್ನು ಸಾರಿಗೆ ಹಾಕಿದರೆ ಆರು ಜನರಲ್ಲಿ ಯಾರಿಗೆ ಎಷ್ಟು ಸಂದಿತೆಂದು ಹೇಳಬಲ್ಲವರಿಲ್ಲ. ಅದೇ ಅರ್ಧ ಕಿಲೊವನ್ನು ಕೈಮಾ ಮಾಡಿಸಿ ಇಪ್ಪತ್ತನಾಲ್ಕು ಕಡುಬು ಮಡಿಸಿದರೆ, ತಲೆಗೆ ನಾಲ್ಕು. ಪ್ರತಿಯೊಂದು ಕಡುಬಿನಲ್ಲಿಯೂ ಇಪ್ಪತ್ತು ಗ್ರಾಮಿನಷ್ಟು ಹಸಿಮಾಂಸದ ಪಾಲು. ಒಳಗೆ ಎಲುಬಿಲ್ಲ, ತಿಳಿಯಿಲ್ಲ. ಮೊದಲ ಪಂಕ್ತಿಯ ಕಡುಬಿಗೂ ಕಡೆಯ ಪಂಕ್ತಿಯ ಕಡುಬಿಗೂ ಭೇದವಿಲ್ಲ. ಊರಿನ ಗುಡ್ಡೆಯ ನ್ಯಾಯವು ಹೊಸಲು ದಾಟಿ ಮನೆಯೊಳಗೆ ಬರಲು ಇದಕ್ಕಿಂತ ಸರಳವಾದ ದಾರಿಯನ್ನು ನಾವು ಕಾಣೆವು.

ಕಾರ್ನ್‌ವಾಲಿನ ಹೆಂಗಸರಲ್ಲಿ ಒಂದು ವಾಡಿಕೆಯಿತ್ತು. ಪಾಸ್ಟಿಯ ಒಂದು ಮೂಲೆಯಲ್ಲಿ ಅದು ಯಾರದೋ ಅವರ ಹೆಸರಿನ ಅಕ್ಷರಗಳನ್ನು ಹಿಟ್ಟಿನಿಂದಲೇ ಗುರುತು ಮಾಡುವರು. ಗಣಿಯ ಕತ್ತಲೆಯಲ್ಲಿ ಅರ್ಧ ತಿಂದು ಇಟ್ಟರೂ ಅದು ಅವನದೇ. ನಮ್ಮ ಮನೆಗಳಲ್ಲಿಯೂ ಮಗಳ ಪಾಲಿನ ನಾಲ್ಕು ಕಡುಬುಗಳ ಮೇಲೆ ಅವಳ ಹೆಸರಿನ ಮೊದಲಕ್ಷರವನ್ನು ಬರೆದಿಟ್ಟರೆ ತಪ್ಪೇನು? ಸಣ್ಣ ಮಕ್ಕಳಿಗೆ ಇದು ಆಟ, ದೊಡ್ಡವರಿಗೆ ಜ್ಞಾಪಕ.

ಮಾಡುವ ಕ್ರಮವನ್ನೂ ಹೇಳಿಬಿಡುತ್ತೇವೆ. ಬರಿಯ ಉಪದೇಶದಿಂದ ಹೊಟ್ಟೆ ತುಂಬುವುದಿಲ್ಲ. ಕುರಿಯ ಮಾಂಸವಾಗಲಿ ಕೋಳಿಯದಾಗಲಿ ಎಲುಬಿಲ್ಲದ್ದು ಅರ್ಧ ಕಿಲೊ. ಇದನ್ನು ಇಡಿಯಾಗಿರುವಾಗಲೇ ತೊಳೆದು ನೀರು ಬಸಿದು ಆಮೇಲೆ ಕೊಚ್ಚಬೇಕು. ಕೊಚ್ಚಿದ ಮೇಲೆ ತೊಳೆದರೆ ಸಾರವೂ ಹೋಗುವುದು, ನೀರೂ ನಿಲ್ಲುವುದು. ಕಾಲು ಕಿಲೊ ಈರುಳ್ಳಿಯನ್ನು ಸಣ್ಣಗೆ ಹೆಚ್ಚಿ, ಎರಡು ಚಮಚ ಎಣ್ಣೆಯಲ್ಲಿ ಬಾಡಿಸಿ, ಅರೆದ ಶುಂಠಿ, ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ಒಂದಿಷ್ಟು ಅರಿಸಿನ, ಚಕ್ಕೆ ಲವಂಗದ ಪುಡಿ, ಧನಿಯದ ಪುಡಿ ಸೇರಿಸಿ, ಕೈಮಾ ಹಾಕಿ, ಅದರ ನೀರಿನಲ್ಲಿಯೇ ಅದು ಬೇಯುವಂತೆ ಸಣ್ಣ ಉರಿಯಲ್ಲಿಡಬೇಕು. ನೀರು ಇಂಗುವ ಹೊತ್ತಿಗೆ ಎರಡು ಹಿಡಿ ನುಗ್ಗೆಸೊಪ್ಪನ್ನೋ, ಬೇಯಿಸಿ ಪುಡಿಮಾಡಿದ ಒಂದು ಆಲೂಗಡ್ಡೆಯನ್ನೋ ಹಾಕಿ ಕೈಯಾಡಿಸಿ, ಕಡೆಗೆ ಎರಡು ಚಮಚ ಹುರಿಗಡಲೆಯ ಹಿಟ್ಟು, ಕೊತ್ತಂಬರಿ ಸೊಪ್ಪು, ಒಂದು ನಿಂಬೆಹಣ್ಣಿನ ರಸ. ಹುರಿಗಡಲೆಯು ಉಳಿದ ತೇವವನ್ನು ಹೀರುವುದು. ನಿಂಬೆಯ ಹುಳಿಯು ಸೊಪ್ಪಿನ ಕಬ್ಬಿಣಾಂಶವು ಮೈಗೆ ಹತ್ತಲು ಸಹಕಾರಿ. ಹೂರಣವು ಪೂರ್ತಿಯಾಗಿ ಆರಬೇಕು. ಬಿಸಿಯಾಗಿ ತುಂಬಿದರೆ ಹಾಳೆ ಮೆತ್ತಗಾಗಿ ಕಡುಬು ಬಾಯಿ ಬಿಡುವುದು.

ಹಾಳೆಗೆ ಗೋಧಿಹಿಟ್ಟು 400 ಗ್ರಾಂ, ರಾಗಿಹಿಟ್ಟು 200 ಗ್ರಾಂ. ಬರಿಯ ರಾಗಿಯಲ್ಲಿ ಜಿಗುಟಿಲ್ಲದ್ದರಿಂದ ಮಡಿಸುವಾಗ ಒಡೆಯುವುದು. ಗೋಧಿಯ ಎರಡು ಪಾಲಿಗೆ ರಾಗಿಯ ಒಂದು ಪಾಲು ಸೇರಿಸಿದರೆ ಹಾಳೆ ಬಳುಕುತ್ತದೆ, ನಮ್ಮ ನೆಲದ ರುಚಿಯೂ ನಿಲ್ಲುತ್ತದೆ. ಉಪ್ಪು ಬೆರೆಸಿದ ಬಿಸಿನೀರಿನಲ್ಲಿ ಕಲಸಿ, ಎಣ್ಣೆ ಸವರಿ, ಅರ್ಧ ಘಂಟೆ ಮುಚ್ಚಿಡಬೇಕು. ಇಪ್ಪತ್ತನಾಲ್ಕು ಉಂಡೆ ಮಾಡಿ, ಪೂರಿಗಿಂತ ಸ್ವಲ್ಪ ದೊಡ್ಡದಾಗಿ ಒರೆದು, ಒಂದು ದೊಡ್ಡ ಚಮಚ ಹೂರಣವಿಟ್ಟು, ಅಂಚಿಗೆ ನೀರು ಸವರಿ, ಅರ್ಧಚಂದ್ರಾಕಾರವಾಗಿ ಮಡಿಸಿ ಬೆರಳಿನಿಂದ ಒತ್ತಬೇಕು. ಇಡ್ಲಿ ಪಾತ್ರೆಯಲ್ಲಿ ಬಾಳೆಲೆಯ ಮೇಲೆ ಹರಡಿ ಹದಿನೈದು ನಿಮಿಷ ಹಬೆಯಲ್ಲಿ ಬೇಯಿಸಿದರೆ ಕಡುಬು ಸಿದ್ಧ. ಬೇಕಾದವರು ಆಮೇಲೆ ಹಂಚಿನ ಮೇಲೆ ಎರಡು ಮಗ್ಗುಲೂ ಗರಿಯಾಗುವಂತೆ ಸುಡಬಹುದು. ಕೊಚ್ಚಿದ ಮಾಂಸವು ಬೇಗನೆ ಕೆಡುವ ವಸ್ತು. ನಮ್ಮ ಸೀಮೆಯ ಬಿಸಿಲಿನಲ್ಲಿ ಬೆಳಗಿನ ಕಡುಬನ್ನು ಮಧ್ಯಾಹ್ನದ ಊಟದೊಳಗೆ ತಿಂದು ಮುಗಿಸಬೇಕು, ರಾತ್ರಿಯದನ್ನು ಬೆಳಗಿನ ಡಬ್ಬಿಗೆ ಹಾಕಕೂಡದು.

ಈ ನಮ್ಮ ಅಭಿಪ್ರಾಯಕ್ಕೆ ಆಕ್ಷೇಪಗಳು ಬರುವುವೆಂದು ಬಲ್ಲೆವು. ಒಂದನೆಯದಾಗಿ, ನಾಲ್ಕು ಕಡುಬಿನಿಂದ ರಕ್ತವು ವೃದ್ಧಿಯಾದೀತೇ ಎಂದು ಕೇಳುವವರಿದ್ದಾರೆ. ಖಂಡಿತವಾಗಿ ಇಲ್ಲ. ನಾಲ್ಕು ಕಡುಬಿನ ಮಾಂಸದಿಂದ ದೊರೆಯುವ ಕಬ್ಬಿಣಾಂಶವು ಎರಡು ಮಿಲಿಗ್ರಾಮಿಗೆ ಹೆಚ್ಚಿರಲಾರದು, ಬೇಕಾದದ್ದು ಮೂವತ್ತು. ರಾಗಿ, ಸೊಪ್ಪು, ಕಾಳು, ಮೊಟ್ಟೆಗಳು ದಿನವೂ ಬೇಕು. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣಾಂಶದ ಮಾತ್ರೆಯನ್ನು ಬಾಯಲ್ಲಿಟ್ಟುಕೊಂಡು ಹೋಗಿ ಕಿಟಕಿಯಿಂದ ಉಗುಳದೆ ನುಂಗಬೇಕು. ಮುಖ ಬಿಳಿಚಿಕೊಂಡ ಹುಡುಗಿಯನ್ನು ವೈದ್ಯರಲ್ಲಿಗೆ ಕರೆದುಕೊಂಡು ಹೋಗಿ ರಕ್ತಪರೀಕ್ಷೆ ಮಾಡಿಸಬೇಕು. ಕಡುಬು ಔಷಧವಲ್ಲ, ಅದು ಅಭ್ಯಾಸ. ತಿಂಗಳಿಗೆ ಎರಡು ಸಾರಿಯಾದರೂ ಮಗಳ ಪಾಲನ್ನು ಎಣಿಸಿ ಇಡುವ ಕೈಗೆ, ಉಳಿದ ದಿನಗಳಲ್ಲಿಯೂ ಸೌಟು ಹಿಡಿದಾಗ ಆ ಎಣಿಕೆಯ ನೆನಪು ಬರುವುದೆಂಬುದೇ ನಮ್ಮ ನಂಬಿಕೆ.

ಎರಡನೆಯದು, ಬೇಕರಿಯಲ್ಲಿ ಪಫ್ ಸಿಗುತ್ತದಲ್ಲಾ, ಈ ಶ್ರಮವೇಕೆಂಬ ಪ್ರಶ್ನೆ. ಈಗ ಸಣ್ಣ ಊರುಗಳಲ್ಲಿಯೂ ಬೇಕರಿಗಳಿವೆ. ಶಾಲೆ ಬಿಟ್ಟ ಮಕ್ಕಳು ಅಲ್ಲಿ ನಿಲ್ಲುವುದನ್ನೂ ಕಾಣುತ್ತೇವೆ. ಆ ಕಸುಬಿನವರ ಮೇಲೆ ನಮಗೆ ದೂರಿಲ್ಲ. ಆದರೆ ಪಫ್ಪಿನಲ್ಲಿ ಹೆಚ್ಚಿನ ಭಾಗ ಮೈದಾ ಮತ್ತು ಜಿಡ್ಡು, ಒಳಗಿರುವುದು ಚಿಟಿಕೆಯಷ್ಟು. ಇದಲ್ಲದೆ ಪಫ್ಪನ್ನು ಕೊಳ್ಳಲು ಕಾಸು ಯಾರ ಕೈಯಲ್ಲಿರುವುದೋ ಅವರು ತಿನ್ನುವರು. ಪೇಟೆಗೆ ಹೋಗುವ ಅಣ್ಣನಿಗೆ ಆ ಸ್ವಾತಂತ್ರ್ಯವುಂಟು. ಶಾಲೆಯಿಂದ ನೇರವಾಗಿ ಮನೆಗೆ ಬರಬೇಕೆಂಬ ಕಟ್ಟಳೆಯ ತಂಗಿಗೆ ಇಲ್ಲ.

ಮೂರನೆಯ ಆಕ್ಷೇಪವು ಎಲ್ಲಕ್ಕಿಂತ ಗಂಭೀರವಾದದ್ದು. ಅದು ನಮ್ಮ ಹಳೆಯ ವಿದ್ಯಾರ್ಥಿನಿಯರಿಂದಲೇ ಬರುವುದೆಂದು ನಿರೀಕ್ಷಿಸುತ್ತೇವೆ. ಬೆಳಗಾಗೆದ್ದು ಮುದ್ದೆ ಸಾರು ಮಾಡಿ, ಕಛೇರಿಗೋ ಗಾರ್ಮೆಂಟ್ಸ್ ಕಾರ್ಖಾನೆಗೋ ಬಸ್ಸು ಹತ್ತುವ ನಮಗೆ ಇಪ್ಪತ್ತನಾಲ್ಕು ಕಡುಬು ಮಡಿಸುವ ಹೊರೆಯನ್ನೂ ಹೊರಿಸುವಿರಾ? ಹೆಣ್ಣಿಗೆ ಪಾಲು ಕೊಡಿಸುವ ನೆಪದಲ್ಲಿ ಹೆಣ್ಣಿಗೇ ಕೆಲಸ ಹೆಚ್ಚಿಸುವುದೇ? ಈ ಮಾತು ನ್ಯಾಯವಾದದ್ದು. ಆದಕಾರಣ ನಾವು ಸ್ಪಷ್ಟವಾಗಿ ಹೇಳುವುದೇನಂದರೆ, ಗಂಡಸರು ಕೈ ಹಾಕದ ಮನೆಯಲ್ಲಿ ಈ ಕಡುಬನ್ನು ಮಾಡಲೇಬೇಡಿರಿ. ಸಾರು ಒಬ್ಬರ ಅಡಿಗೆ. ಕಡುಬು ಹಲವರ ಕೆಲಸ. ಒಬ್ಬರು ಒರೆಯಬೇಕು, ಒಬ್ಬರು ತುಂಬಬೇಕು, ಒಬ್ಬರು ಮಡಿಸಬೇಕು, ಒಬ್ಬರು ಹಬೆಗೆ ಇಡಬೇಕು. ವರ್ಷತೊಡಕಿನಂದು ಕತ್ತಿ ಹಿಡಿದು ಅಷ್ಟು ನಯವಾಗಿ ಮಾಂಸ ಕೊಚ್ಚುವವರು ಗಂಡಸರೇ ತಾನೆ? ಬೀದಿಯಲ್ಲಿ ಬಲ್ಲ ವಿದ್ಯೆಯನ್ನು ಅಡಿಗೆಮನೆಯಲ್ಲಿ ಮರೆಯಲು ಕಾರಣವಿಲ್ಲ. ಭಾನುವಾರ ಬೆಳಗ್ಗೆ ಅಪ್ಪನೂ ಮಗನೂ ಒರೆದು ಮಡಿಸಲು ಕುಳಿತರೆ ಒಂದು ಘಂಟೆಯೊಳಗೆ ಕೆಲಸವು ತೀರುವುದು. ತಾನೇ ಮಡಿಸಿದ ಕಡುಬಿನ ಲೆಕ್ಕವನ್ನು ಹುಡುಗನು ಬಲ್ಲನು. ಅಕ್ಕನ ಪಾಲಿಗೆ ಕೈ ಹಾಕುವುದಕ್ಕೆ ಮುಂಚೆ ಒಂದು ಕ್ಷಣ ಯೋಚಿಸುವನು. ಹೆಣ್ಣುಮಕ್ಕಳ ಪಾಠಶಾಲೆಯವರಾದ ನಾವು ಗಂಡುಮಕ್ಕಳ ವಿದ್ಯಾಭ್ಯಾಸದ ವಿಷಯದಲ್ಲಿ ಹೇಳಬಹುದಾದ ಮಾತು ಇದೊಂದೇ. ಆದರೆ ಇದನ್ನು ಬಲವಾಗಿ ಹೇಳುತ್ತೇವೆ.

ಕಡೆಯದಾಗಿ, ಮಾಂಸವನ್ನು ಮುಟ್ಟದ ಮನೆಗಳಿಂದಲೂ ನಮ್ಮಲ್ಲಿಗೆ ಮಕ್ಕಳು ಬರುತ್ತಾರೆ. ಅವರ ತಾಯಿತಂದೆಗಳು ಈ ಬರಹವನ್ನು ತಮಗೆ ಸಂಬಂಧಪಡದ್ದೆಂದು ತಿರುವಿಹಾಕಬೇಕಾದದ್ದಿಲ್ಲ. ಅವರ ನೇಮವನ್ನು ನಾವು ಗೌರವಿಸುತ್ತೇವೆ. ಇದೇ ಹಾಳೆಯೊಳಗೆ ಹಿತಕಿದ ಅವರೆಬೇಳೆಯನ್ನೋ, ಮೊಳಕೆ ಹುರುಳಿಯನ್ನು ನುಗ್ಗೆಸೊಪ್ಪಿನೊಡನೆಯೋ ತುಂಬಬಹುದು. ಅವರ ಮನೆಗಳಲ್ಲಿ ತುಪ್ಪದ ಚಮಚವೂ ಹಾಲಿನ ಲೋಟವೂ ಯಾರ ಕಡೆಗೆ ಮೊದಲು ವಾಲುವುವೆಂಬುದನ್ನು ಅವರೇ ಗಮನಿಸಲಿ. ಸೌಟಿನ ಸ್ವಭಾವವು ಎಲ್ಲ ಜಾತಿಯ ಅಡಿಗೆಮನೆಗಳಲ್ಲಿಯೂ ಒಂದೇ.

ಆದಕಾರಣ ಹಳೆಯ ವಿದ್ಯಾರ್ಥಿನಿಯರಾದ ಪ್ರಿಯ ಸೋದರಿಯರಲ್ಲಿ ನಮ್ಮ ಬಿನ್ನಹಗಳು ಮೂರು. ನಿಮ್ಮ ಮನೆಯ ಅಜ್ಜಿಯರು ಬಲ್ಲ ಬಾಡಿನಡಿಗೆಯ ಕ್ರಮಗಳನ್ನು, ತೂಕ ಅಳತೆಗಳೊಡನೆ, ಅವರು ಹೇಳಿದಂತೆಯೇ ಬರೆದು ಶಾಲೆಗೆ ಕಳುಹಿಸಿರಿ. ಅವುಗಳನ್ನು ಒಂದು ಪುಸ್ತಕವಾಗಿ ಕಟ್ಟಿ ವಾಚನಾಲಯದಲ್ಲಿಡುವೆವು. ತಿಂಗಳಿಗೆ ಎರಡು ಸಾರಿಯಾದರೂ ಮನೆಯವರೆಲ್ಲರೂ ಕೂಡಿ ಕಡುಬು ಮಡಿಸುವ ಪದ್ಧತಿಯನ್ನು ಆರಂಭಿಸಿರಿ. ಮಕ್ಕಳೊಡನೆ ನೀವೂ ಒಂದೇ ಪಂಕ್ತಿಯಲ್ಲಿ ಕುಳಿತು, ನಿಮ್ಮ ಪಾಲಿನ ನಾಲ್ಕನ್ನು ನೀವೂ ತಿನ್ನಿರಿ. ತನ್ನ ಪಾಲನ್ನು ಎತ್ತಿ ಮಗನ ತಟ್ಟೆಗೆ ಹಾಕುವ ತಾಯಿಯನ್ನು ನೋಡಿ ಬೆಳೆದ ಮಗಳು, ನಾಳೆ ತಾನೂ ಹಾಗೆಯೇ ಮಾಡುವಳು. ಅದನ್ನು ತ್ಯಾಗವೆಂದು ಕರೆದು ಹೊಗಳುವುದನ್ನು ನಾವು ನಿಲ್ಲಿಸಬೇಕಾಗಿದೆ.

ತಂದೆಯರಲ್ಲಿ ಬಿನ್ನಹವೊಂದೇ. ಮಗಳ ಅಂಕಪಟ್ಟಿಗೆ ಸಹಿ ಹಾಕುವಾಗ ಗಣಿತದಲ್ಲಿ ಎಷ್ಟು, ವಿಜ್ಞಾನದಲ್ಲಿ ಎಷ್ಟು ಎಂದು ಕೇಳುವಿರಿ, ಕೇಳಬೇಕಾದದ್ದೇ. ಅದರೊಂದಿಗೆ, ಅವಳ ತಟ್ಟೆಯಲ್ಲಿ ಎಷ್ಟು ಎಂದೂ ಕೇಳಿರಿ. ಆ ಪ್ರಶ್ನೆಗೆ ಸರಿಯಾದ ಉತ್ತರವು ದೊರೆಯುವ ಮನೆಯ ಹುಡುಗಿಗೆ ಉಳಿದ ಪ್ರಶ್ನೆಗಳು ಸುಲಭವಾಗುವುವೆಂಬುದು, ಇಷ್ಟು ವರ್ಷ ಈ ಮಕ್ಕಳ ಮುಂದೆ ನಿಂತ ನಮ್ಮ ದೃಢವಾದ ಅಭಿಪ್ರಾಯವಾಗಿರುತ್ತದೆ.